ಫರ್ನೇಸಿನ ಅಲಾರಂ ಬೈಪಾಸ್ ಮಾಡಿದ್ದಾರೆ. ಮ್ಯಾನೇಜ್‌ಮೆಂಟಿಗೆ ಹೇಳಬೇಕು, ಕೆಲಸಾನೂ ಉಳೀಬೇಕು. ಹೇಗೆ?

ಮೆಲ್ಟಿಂಗ್ ಶಿಫ್ಟ್ ಕೇಳಿದ್ದು:

ನಮಸ್ಕಾರ. ಮಾಚೇನಹಳ್ಳಿ ಕಡೆಯ ಒಂದು ಫೌಂಡ್ರಿ, ಹೆಸರು ಬೇಡ. ಮೆಲ್ಟಿಂಗ್‌ನಲ್ಲಿ ಶಿಫ್ಟ್ ಇಂಜಿನಿಯರ್ ನಾನು. ಒಟ್ಟು ಸಂಬಳ 24 ಸಾವಿರ. ಪ್ರೊಬೇಷನ್ ಮುಗಿಯೋಕೆ ಇನ್ನೂ ಎರಡು ತಿಂಗಳಿದೆ.

ಇಂಡಕ್ಷನ್ ಫರ್ನೇಸಿನ (ಕರೆಂಟಿನಿಂದ ಲೋಹ ಕರಗಿಸೋ ಕುಲುಮೆ) ಜಿಎಲ್‌ಡಿ, ಅಂದ್ರೆ ಅರ್ತ್ ಲೀಕೇಜ್ ತೋರಿಸೋ ಸಾಧನ, ಪದೇ ಪದೇ ಟ್ರಿಪ್ ಆಗ್ತಿದೆ ಅಂತ ಬೈಪಾಸ್ ಮಾಡಿ ಓಡಿಸ್ತಿದ್ದಾರೆ. ಲೈನಿಂಗ್ (ಒಳಗೋಡೆಯ ಶಾಖ ತಡೆಯೋ ಪದರ) ಬದಲಾಯಿಸೋ ಹೊತ್ತಾಗಿದೆ, ಆದರೆ ಡಿಸ್ಪ್ಯಾಚ್ ಮುಗೀಲಿ ಅಂತ ಮುಂದೂಡ್ತಿದ್ದಾರೆ. ಇದರ ಮೇಲೆ ಪುನರ್ವಸು ಮಳೆ ಬೇರೆ ಹಿಡಿದಿದೆ. ಸ್ಕ್ರ್ಯಾಪ್ ಯಾರ್ಡಿನ ಶೀಟ್ ಸೋರ್ತಿದೆ, ನೀರು ಇಳೀತಿರೋ ಸ್ಕ್ರ್ಯಾಪ್ ಹಾಗೇ ಚಾರ್ಜಿಂಗಿಗೆ, ಅಂದ್ರೆ ಫರ್ನೇಸಿಗೆ ಹಾಕೋಕೆ, ಬರ್ತಿದೆ. ಪ್ಲಾಂಟ್ ಹೆಡ್‌ಗೆ ಬಾಯಲ್ಲಿ ಹೇಳಿಯಾಗಿದೆ. "ಮಳೆಗಾಲದಲ್ಲಿ ಇದೆಲ್ಲ ಮಾಮೂಲು ಕಣಯ್ಯ" ಅಂದರು.

ಬರಹದಲ್ಲಿ ಕೊಟ್ಟರೆ ಪ್ರೊಬೇಷನ್ ಕನ್ಫರ್ಮ್ ಆಗಲ್ಲ ಅಂತ ಜೊತೆಯವರು ಹೆದರಿಸ್ತಿದ್ದಾರೆ. ಎರಡು ತಿಂಗಳು ಬಾಯಿ ಮುಚ್ಕೊಂಡು ಇರಬೇಕಾ? ಇಲ್ಲ, ಈಗಲೇ ಹೇಳೋದಾದರೆ ಯಾರಿಗೆ, ಹೇಗೆ?

ಕುಲುಮೆ ಉತ್ತರ:

ಮೊದಲು ಫರ್ನೇಸ್ ವಿಷಯ, ಆಮೇಲೆ ಕೆಲಸದ ವಿಷಯ. ಮೂರನ್ನೂ ಒಂದೇ ಉಸಿರಲ್ಲಿ ಹೇಳಬೇಡಿ ಮಾರಾಯ್ರೆ. "ಇವನಿಗೆ ಎಲ್ಲದರಲ್ಲೂ ತಕರಾರು" ಅಂತಾಗಿ ಮೂರೂ ಬಿದ್ದುಹೋಗತ್ತೆ. ಮೂರರ ತೂಕವೂ ಬೇರೆ ಬೇರೆ. ಬೈಪಾಸ್ ಇವತ್ತಿನ ವಿಷಯ. ಒದ್ದೆ ಸ್ಕ್ರ್ಯಾಪ್ ಅರ್ಧ ನಿಮ್ಮ ಕೈಯಲ್ಲೇ ಇದೆ. ಲೈನಿಂಗ್ ಅಳತೆ ಹಿಡಿದು ಮಾತಾಡಬೇಕಾದ್ದು.

"ಮಳೆಗಾಲದಲ್ಲಿ ಮಾಮೂಲು" ಅನ್ನೋದರಲ್ಲಿ ಸ್ವಲ್ಪ ಸತ್ಯ ಇದೆ, ಅದಕ್ಕೇ ಆ ಉತ್ತರವನ್ನ ಬರೀ ಸಿಟ್ಟಿನಿಂದ ಎದುರಿಸೋಕೆ ಆಗಲ್ಲ. ಕಾಯಿಲ್ (ಫರ್ನೇಸ್ ಸುತ್ತ ಇರೋ ತಾಮ್ರದ ಸುರುಳಿ) ಮೇಲೆ ತೇವ ಕೂತರೆ, ನೀರಿನ ಹೋಸ್ ಜಿನುಗಿದರೆ, ಹೊಸ ಲೈನಿಂಗ್ ಪೂರ್ತಿ ಒಣಗದಿದ್ದರೆ ಜಿಎಲ್‌ಡಿ ಟ್ರಿಪ್ ಆಗತ್ತೆ. ಆದರೆ ಲೋಹ ಲೈನಿಂಗ್ ಒಳಗೆ ಹೊಕ್ಕು ಕಾಯಿಲ್ ಕಡೆ ಹೊರಟಾಗಲೂ ಅದೇ ಟ್ರಿಪ್. ಎರಡನ್ನೂ ಬೇರೆ ಮಾಡೋ ದಾರಿ ಇದೆ. ಬೈಪಾಸ್ ಅಂತ ಟ್ರಿಪ್ ಕಾಂಟ್ಯಾಕ್ಟನ್ನ ಮಾತ್ರ ಶಾರ್ಟ್ ಮಾಡಿದ್ದರೆ ಪ್ಯಾನೆಲ್ ಮೇಲಿನ ಲೀಕೇಜ್ ಮೀಟರ್ ಇನ್ನೂ ಓಡ್ತಿರತ್ತೆ. ಫರ್ನೇಸ್ ಖಾಲಿ ಇದ್ದಾಗ, ಅರ್ಧ ತುಂಬಿದಾಗ, ಪೂರ್ತಿ ತುಂಬಿದಾಗ, ಟ್ಯಾಪ್ ಮಾಡಿದ (ಲೋಹ ಹೊರಗೆ ಸುರಿದ) ಮೇಲೆ, ಹೀಗೆ ನಾಲ್ಕು ರೀಡಿಂಗ್ ಹೀಟ್ ಲಾಗಿನಲ್ಲೇ, ಅಂದ್ರೆ ಪ್ರತಿ ಸಲ ಕರಗಿಸಿದ್ದರ ದಾಖಲೆಯಲ್ಲೇ, ಬರೀರಿ. ಖಾಲಿ ಫರ್ನೇಸಲ್ಲೂ ರೀಡಿಂಗ್ ಹಾಗೇ ಇದ್ದರೆ ಕಾಯಿಲ್ ಕಡೆಯ ತೇವ ಅಥವಾ ಸೋರಿಕೆ ಹುಡುಕಬೇಕು. ಲೋಹದ ಮಟ್ಟ ಏರಿದ ಹಾಗೆ ಏರಿ, ಟ್ಯಾಪ್ ಮಾಡಿದ ಕೂಡಲೇ ಇಳಿದರೆ ಅದು ಮಳೆಯಲ್ಲ, ಲೋಹದ ದಾರಿ. ಆವತ್ತು ಫರ್ನೇಸ್ ನಿಲ್ಲಬೇಕು, ಬೇರೆ ಮಾತೇ ಇಲ್ಲ. ಕಾಯಿಲ್ ಒಳಗೆ ಹರಿಯೋದು ನೀರು, ಈಚೆ ಕಡೆ ಇರೋದು 1,450 ಡಿಗ್ರಿ ದಾಟಿದ ಕಬ್ಬಿಣ.

ಫರ್ನೇಸ್ ತಳದ ಪ್ರೋಬ್ (ಲೋಹವನ್ನ ಲೀಕೇಜ್ ಸಾಧನಕ್ಕೆ ಜೋಡಿಸೋ ತಂತಿ) ಲೋಹಕ್ಕೆ ತಾಗ್ತಿದೆಯಾ ಅಂತಲೂ ಪರೀಕ್ಷೆ ಆಗಬೇಕು. ಪವರ್ ಆಫ್ ಮಾಡಿ, ತಯಾರಕರ ಮ್ಯಾನ್ಯುಯಲ್ ಹೇಳೋ ಹಾಗೆ, ಎಲೆಕ್ಟ್ರಿಕಲ್‌ನವರ ಕೈಲೇ ಮಾಡಿಸಿ. ಪ್ರೋಬ್ ಕಡಿದುಹೋಗಿದ್ದರೆ ಜಿಎಲ್‌ಡಿ ಸುಮ್ಮನೆ ಕೂತಿರತ್ತೆ, ಎಲ್ಲ ಸರಿ ಇದೆ ಅಂತ ನಾವು ಅಂದ್ಕೊಂಡಿರ್ತೀವಿ.

ಲೈನಿಂಗಿಗೆ "ಸವೆದಿದೆ" ಅನ್ನೋ ಮಾತು ಸಾಲದು. ವಾರದ ರಜೆ ಮುಗಿದು ಫರ್ನೇಸ್ ತಣ್ಣಗಿರುವಾಗ ಒಳ ವ್ಯಾಸ ಅಳೆಯಿರಿ. ಮೇಲೆ, ನಡುವೆ, ಸ್ಲ್ಯಾಗ್ (ಲೋಹದ ಮೇಲೆ ತೇಲೋ ಕಿಟ್ಟ) ನಿಲ್ಲೋ ಗೆರೆ, ತಳದಿಂದ ಸ್ವಲ್ಪ ಮೇಲೆ, ಒಂದೊಂದು ಕಡೆ ಎರಡು ದಿಕ್ಕಿನಲ್ಲಿ. ಉದಾಹರಣೆಗೆ ಹೊಸದಿದ್ದಾಗ 560 ಮಿ.ಮೀ. ಇದ್ದದ್ದು ಈಗ 620 ಇದ್ದರೆ ಒಂದೊಂದು ಬದಿಗೆ 30 ಮಿ.ಮೀ. ಹೋಗಿದೆ. ಮೂಲ ದಪ್ಪ 90 ಆಗಿದ್ದರೆ ಅದು ಮೂರನೇ ಒಂದು ಭಾಗ, ರೀಲೈನಿಂಗ್ ಮಾಡಲೇಬೇಕು ಅಂತ ಸಾಮಾನ್ಯವಾಗಿ ಒಪ್ಪಿಕೊಳ್ಳೋ ಮಟ್ಟ. ಗೋಡೆ ಮತ್ತು ತಳ ಸೇರೋ ಮೂಲೇಲಿ ಒಳಗೆ ಕೊರೆದುಕೊಂಡಿರತ್ತೆ, ಎಲಿಫೆಂಟ್ ಫೂಟ್ ಅಂತೀವಲ್ಲ ಅದು. ಮೇಲಿಂದ ಬಗ್ಗಿ ನೋಡಿದರೆ ಕಾಣಲ್ಲ, ಅಲ್ಲಿ ಅಳೆಯೋದು ಮರೀಬೇಡಿ. ಅದೇ ವೋಲ್ಟೇಜಿಗೆ ಫರ್ನೇಸ್ ಮೊದಲಿಗಿಂತ ಜಾಸ್ತಿ ಕಿಲೋವ್ಯಾಟ್ ಎಳೀತಿದ್ದರೂ ಲೈನಿಂಗ್ ತೆಳುವಾಗಿದೆ ಅಂತ ಅರ್ಥ. ಆ ಅಂಕಿ ಈಗಾಗಲೇ ನಿಮ್ಮ ಲಾಗಿನಲ್ಲೇ ಇರತ್ತೆ.

ಒದ್ದೆ ಸ್ಕ್ರ್ಯಾಪ್ ತಡೆಯೋಕೆ ಯಾರ ಅನುಮತಿಯೂ ಬೇಡ. ನೀರು ಆವಿಯಾದರೆ ಸುಮಾರು 1,600 ಪಟ್ಟು ಹಿಗ್ಗತ್ತೆ. ತಣ್ಣನೆ ಫರ್ನೇಸಿನ ತಳಕ್ಕೆ ಹಾಕಿದ ತೇವದ ಸ್ಕ್ರ್ಯಾಪ್ ನಿಧಾನಕ್ಕೆ ಕಾಯ್ತಾ ಒಣಗತ್ತೆ, ಅಪಾಯ ಕಡಿಮೆ. ಕರಗಿದ ಲೋಹದ ಮೇಲೆ ಬಿದ್ದು ಒಳಗೆ ಮುಳುಗಿದ ತೇವವೇ ಸಿಡಿಯೋದು. ಹಾಗಾಗಿ ಮಳೆಗಾಲದಲ್ಲಿ ಬಾತ್ (ಕರಗಿದ ಲೋಹ) ಮೇಲೆ ಹಾಕೋದು ಒಳಗಿಟ್ಟ ರನ್ನರ್ ರೈಸರ್ (ಎರಕದಿಂದ ಕತ್ತರಿಸಿದ ತುಂಡು), ಪಿಗ್ ಐರನ್ (ಕಚ್ಚಾ ಕಬ್ಬಿಣದ ಗಟ್ಟಿ) ಇಂಥದ್ದು ಮಾತ್ರ. ಹೊರಗಿನ ಸ್ಕ್ರ್ಯಾಪ್ ಎಲ್ಲ ಕೋಲ್ಡ್ ಸ್ಟಾರ್ಟಿಗೆ, ಅಂದ್ರೆ ತಣ್ಣನೆ ಫರ್ನೇಸ್ ಶುರು ಮಾಡುವಾಗ. ಒತ್ತಿ ಕಟ್ಟಿದ ಬಂಡಲ್ ಬಗ್ಗೆ ಹುಷಾರು, ಮೇಲೆ ಮುಟ್ಟಿದರೆ ಒಣಗಿರತ್ತೆ, ನಡುವೆ ನೀರು ಕೂತಿರತ್ತೆ. ಬಾಯಿ ಮುಚ್ಚಿದ ಪೈಪ್ ತುಂಡು, ಡಬ್ಬಿ ಕೂಡ ಹಾಗೇ.

ಪ್ಲಾಂಟ್ ಹೆಡ್ ಹತ್ತಿರ ಮೊದಲು ಸಣ್ಣದನ್ನೇ ಕೇಳಿ: ಒಂದು ದಿನದ ಚಾರ್ಜ್ ಇಡೋಕೆ ಸೂರಿನ ಕೆಳಗೆ ನೆಲದಿಂದ ಎತ್ತರಿಸಿದ ಒಂದು ಕಟ್ಟೆ, ಜೊತೆಗೆ ಟಾರ್ಪಾಲು. "ಆಯ್ತು" ಅನ್ನೋಕೆ ಅವರಿಗೂ ಸುಲಭ.

ನೋಟಿಸ್ ಬೋರ್ಡ್ ಉತ್ತರ:

ಮೇಲಿನವರು ಹೇಳಿದ ತಾಂತ್ರಿಕ ವಿಷಯಕ್ಕೆ ಸೇರಿಸೋದು ಏನೂ ಇಲ್ಲ. ಹೇಳಿದ ಮೇಲೆ ಏನಾಗತ್ತೆ ಅನ್ನೋದನ್ನ ಎಚ್‌ಆರ್ ಮೇಜಿನ ಕಡೆಯಿಂದ ಹೇಳ್ತೀನಿ.

ಸುರಕ್ಷತೆ ಬಗ್ಗೆ ಮಾತಾಡಿದ್ದಕ್ಕೆ ತೆಗೆದೆವು ಅಂತ ಯಾರೂ ಬರೆದು ಕೊಡಲ್ಲ. ಪೆಟ್ಟು ಬೇರೆ ಬಾಗಿಲಿಂದ ಬರತ್ತೆ. ಬರೀ ನೈಟ್ ಶಿಫ್ಟ್ ಹಾಕ್ತಾರೆ. ಮೆಲ್ಟಿಂಗಿನಿಂದ ಸ್ಟೋರಿಗೆ ಹಾಕ್ತಾರೆ. ಹತ್ತು ನಿಮಿಷ ತಡ ಆದದ್ದಕ್ಕೆ ಮೆಮೊ, ರಿಜೆಕ್ಷನ್ ಆದ ಹೀಟಿಗೆಲ್ಲ ನಿಮ್ಮ ಹೆಸರು. ಪ್ರೊಬೇಷನ್ ಇದ್ದರೆ ಇಷ್ಟೂ ಬೇಡ, "ನಿಮ್ಮ ಸೇವೆ ತೃಪ್ತಿಕರವಾಗಿಲ್ಲ" ಅನ್ನೋ ಒಂದು ಸಾಲಿನ ಪತ್ರ ಸಾಕು. ಅದಕ್ಕೇ ಹೇಳೋಕೆ ಮುಂಚೆ ನಿಮ್ಮ ಕಡೆ ಸ್ವಚ್ಛ ಮಾಡ್ಕೊಳ್ಳಿ. ಹಾಜರಿ, ಹೀಟ್ ಲಾಗ್, ಸಹಿ ಮಾಡದೆ ಉಳಿದ ಚೆಕ್‌ಲಿಸ್ಟ್. ತಪ್ಪು ಹುಡುಕಬೇಕು ಅಂತ ಕೂತವರಿಗೆ ಮೊದಲು ಸಿಗೋದು ಇವೇ.

ಇನ್ನೊಂದು ಗುಂಡಿಗೆ ಬೀಳೋರು ಬಹಳ ಜನ. ಸಾಕ್ಷಿ ಬೇಕು ಅಂತ ಪ್ಯಾನೆಲ್ ಫೋಟೊ ತೆಗೆದು, ಹೀಟ್ ಶೀಟ್ ಸ್ಕ್ಯಾನ್ ಮಾಡಿ ತಮ್ಮ ಸ್ವಂತ ಜಿಮೇಲಿಗೆ ಕಳಿಸ್ಕೊಳ್ತಾರೆ. ಮೊಬೈಲ್ ನಿಷೇಧ ಇರೋ ಕಡೆ ಅದೊಂದೇ ಚಾರ್ಜ್‌ಶೀಟಿಗೆ ಸಾಕು: ಕಂಪನಿ ದಾಖಲೆ ಹೊರಗೆ ಸಾಗಿಸಿದ್ದು. ಮೂಲ ವಿಷಯ ಮರೆತು ಅದರ ಮೇಲೇ ವಿಚಾರಣೆ ನಡೆಯತ್ತೆ. ಬದಲಿಗೆ ಕಂಪನಿಯ ಲಾಗಿನಲ್ಲೇ ಬರೆದಿಡಿ, ಅದನ್ನು ಹರಿದುಹಾಕೋದು ಅವರಿಗೇ ಕಷ್ಟ. ಮನೆಯಲ್ಲಿ ಒಂದು ನೋಟ್‌ಬುಕ್ ಇರಲಿ. ದಿನಾಂಕ, ಹೊತ್ತು, ಯಾರು ಎದುರಿಗಿದ್ದರು, ಅವರ ಬಾಯಿಂದ ಬಂದ ಮಾತು, ಇಷ್ಟೇ. ಆಯಾ ದಿನವೇ ಬರೀಬೇಕು.

ವಾಟ್ಸಾಪ್ ಗ್ರೂಪಲ್ಲಿ ದಯವಿಟ್ಟು ಬೇಡ. ನಲವತ್ತು ಜನರ ಮುಂದೆ ಪ್ಲಾಂಟ್ ಹೆಡ್‌ಗೆ ಪ್ರಶ್ನೆ ಹಾಕಿದರೆ ಅದು ಅವರ ಮರ್ಯಾದೆ ಪ್ರಶ್ನೆ ಆಗತ್ತೆ, ಆಮೇಲೆ ನೀವು ಹೇಳಿದ್ದು ಸರಿಯಿದ್ದರೂ ಕೇಳಲ್ಲ. ಮೊದಲು ಅವರ ಕೋಣೆಯಲ್ಲಿ, ಡಿಸ್ಪ್ಯಾಚ್ ಗಲಾಟೆ ಮುಗಿದ ಹೊತ್ತಿನಲ್ಲಿ, ರೀಡಿಂಗ್ ಹಾಳೆ ಕೈಯಲ್ಲಿ ಹಿಡಿದು ಮಾತಾಡಿ. ಅವತ್ತೇ ಸಂಜೆ ಮೇಲ್: "ಸರ್, ಇವತ್ತು ಮಾತಾಡಿದ ಹಾಗೆ…" ಅಂತ ಶುರು ಮಾಡಿದರೆ ಅದು ದೂರು ಅನ್ನಿಸಲ್ಲ, ಮಾತಿನ ಟಿಪ್ಪಣಿ ಅನ್ನಿಸತ್ತೆ. ಮಾಲೀಕರಿಗೆ ಮೊದಲ ದಿನವೇ ಸಿಸಿ ಹಾಕಬೇಡಿ. ಪ್ಲಾಂಟ್ ಹೆಡ್‌ಗೆ ಸರಿಮಾಡೋಕೆ ಒಂದು ಅವಕಾಶ ಕೊಡದೆ ಮೇಲೆ ಹೋದಿರಿ ಅಂತಾದರೆ ಮಾಲೀಕರೂ ಅವರ ಕಡೆಗೇ ನಿಲ್ತಾರೆ.

ಮಾಲೀಕರವರೆಗೆ ಹೋಗೋ ಹಾಗಾದರೆ ಅವರಿಗೆ ಅರ್ಥವಾಗೋದು ಮೂರು. ಮೊದಲನೇದು ದುಡ್ಡು: ರೀಲೈನಿಂಗ್, ಸಿಂಟರಿಂಗ್ (ಹೊಸ ಲೈನಿಂಗ್ ಕಾಸಿ ಗಟ್ಟಿ ಮಾಡೋದು) ಸೇರಿ ಹೋಗೋ ದಿನಗಳೆಷ್ಟು, ಕಾಯಿಲ್ ಸುಟ್ಟರೆ ಹೋಗೋ ದಿನಗಳೆಷ್ಟು, ನಿಮ್ಮ ಮೇಂಟೆನೆನ್ಸ್‌ನವರ ಹತ್ತಿರವೇ ಕೇಳಿ ಪಕ್ಕಪಕ್ಕ ಬರೀರಿ. ಎರಡನೇದು ವಿಮೆ: ಮಷಿನರಿ ಬ್ರೇಕ್‌ಡೌನ್ ಪಾಲಿಸಿಯಲ್ಲಿ ಬೇಕಂತಲೇ ಮಾಡಿದ್ದಕ್ಕೆ, ಘೋರ ನಿರ್ಲಕ್ಷ್ಯಕ್ಕೆ ಪರಿಹಾರ ಇಲ್ಲ. ಸೇಫ್ಟಿ ಸಾಧನ ಬೈಪಾಸ್ ಮಾಡಿತ್ತು ಅಂತ ಸರ್ವೇಯರ್ ಬರೆದರೆ ಕ್ಲೇಮ್ ಅಲ್ಲೇ ಸಿಕ್ಕಿಹಾಕ್ಕೊಳ್ಳತ್ತೆ. ಮೂರನೇದು ಆಡಿಟ್. ವಾಹನ ಬಿಡಿಭಾಗ ಮಾಡೋ ಫೌಂಡ್ರಿಗೆ ಐಎಟಿಎಫ್ 16949 (ವಾಹನ ಉದ್ಯಮದ ಗುಣಮಟ್ಟದ ಪ್ರಮಾಣಪತ್ರ) ಇದ್ದರೆ ಅದರ 5.1.1.1 ಪ್ರಕಾರ ತಪ್ಪನ್ನು ಮೇಲಿನವರಿಗೆ ಹೇಳೋ ಒಂದು ನೀತಿ ಇರಲೇಬೇಕು. ಐಎಸ್‌ಒ 45001 (ಕೆಲಸದ ಸುರಕ್ಷತೆಯ ಪ್ರಮಾಣಪತ್ರ) ಇದ್ದರೆ ಅಪಾಯ ವರದಿ ಮಾಡಿದವರಿಗೆ ಕಿರುಕುಳ ಆಗದ ಹಾಗೆ ನೋಡ್ಕೊಳ್ಳೋದು ಮೇಲಿನವರ ಹೊಣೆ, ಅದು 5.1ರಲ್ಲೇ ಇದೆ. ನೋಟಿಸ್ ಬೋರ್ಡ್ ಪಕ್ಕ ಫ್ರೇಮ್ ಹಾಕಿ ತೂಗುಹಾಕಿರೋ ಪಾಲಿಸಿ ಒಮ್ಮೆ ಓದಿ. ಅದರಲ್ಲಿರೋ ಮೇಲ್ ಐಡಿಗೆ ಕಳಿಸಿದ್ದು "ಹೊರಗೆ ಹೋದದ್ದು" ಅಂತ ಆಗಲ್ಲ. ಕಸ್ಟಮರಿಗೆ ಮಾತ್ರ ನೀವಾಗಿ ನೇರ ಬರೀಬೇಡಿ. ಗೋಪ್ಯತೆ ಕರಾರು ಮುರಿದ ಆರೋಪಕ್ಕೆ ಆಮೇಲೆ ಉತ್ತರ ಕೊಡೋದು ಕಷ್ಟ.

ವಕಾಲತ್ತು ಉತ್ತರ:

ಕಾನೂನಿನ ಕಡೆಯಿಂದ ಸ್ವಲ್ಪ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹಳೆಯ ಪುಸ್ತಕ ನೋಡಿ ಸೆಕ್ಷನ್ ಹೇಳುವವರ ಮಾತು ಕೇಳುವಾಗ ಇದು ನೆನಪಿರಲಿ.

ನಿಮಗೆ ಹೆಚ್ಚು ಕೆಲಸಕ್ಕೆ ಬರುವುದು ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ, 2020. ಅದರ 13ನೇ ಸೆಕ್ಷನ್ ಪ್ರಕಾರ ಅಸುರಕ್ಷಿತ ಸ್ಥಿತಿ ಕಣ್ಣಿಗೆ ಬಿದ್ದರೆ ಮಾಲೀಕರಿಗೆ ತಿಳಿಸುವುದು ನೌಕರನ ಕರ್ತವ್ಯ. ನಿಮ್ಮ ಮೇಲ್‌ನಲ್ಲಿ "ದೂರು" ಎಂಬ ಪದ ಬಿಟ್ಟು "ನನ್ನ ಕರ್ತವ್ಯದ ಭಾಗವಾಗಿ ತಿಳಿಸುತ್ತಿದ್ದೇನೆ" ಎಂದು ಬರೆಯಲು ಇದೇ ಆಧಾರ. 14ನೇ ಸೆಕ್ಷನ್ ಇನ್ನೂ ಮುಂದೆ ಹೋಗುತ್ತದೆ: ಜೀವಕ್ಕೆ ಅಥವಾ ದೇಹಕ್ಕೆ ಕೂಡಲೇ ಅಪಾಯ ಇದೆ ಎಂಬ ಸಕಾರಣ ಭಯ ಇದ್ದರೆ ಮಾಲೀಕರಿಗೆ ತಿಳಿಸುವಾಗಲೇ ಸರ್ಕಾರದ ಕಾರ್ಖಾನೆ ಇನ್‌ಸ್ಪೆಕ್ಟರ್ ಗಮನಕ್ಕೂ ತರಬಹುದು. ಅಂದರೆ ಇಲಾಖೆಗೆ ಹೋಗುವ ಮೊದಲು ಮಾಲೀಕರ ಉತ್ತರಕ್ಕೆ ಕಾಯಲೇಬೇಕೆಂದಿಲ್ಲ. ಈ ಸಂಹಿತೆಯಲ್ಲಿ "ನೌಕರ" ಎಂದರೆ ಮೇಲ್ವಿಚಾರಕರು, ವ್ಯವಸ್ಥಾಪಕ ಹುದ್ದೆಯವರೂ ಸೇರುತ್ತಾರೆ. ಹಾಗಾಗಿ "ನೀನು ಸ್ಟಾಫ್, ಕಾರ್ಮಿಕ ಅಲ್ಲ" ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

ಆ ಮಾತು ಸ್ವಲ್ಪ ನಡೆಯುವುದು ಔದ್ಯೋಗಿಕ ಸಂಬಂಧಗಳ ಸಂಹಿತೆಯಲ್ಲಿ, ಅಂದರೆ ಕೆಲಸದಿಂದ ತೆಗೆದ ಮೇಲೆ. ಅಲ್ಲಿ ಮೇಲ್ವಿಚಾರಣೆ ಮಾಡುವವರ ವೇತನ ತಿಂಗಳಿಗೆ 18,000 ರೂಪಾಯಿ ದಾಟಿದರೆ ಅವರು "ಕಾರ್ಮಿಕ" ಅಲ್ಲ. ಆದರೆ ಎರಡು ವಿಷಯ ಗಮನಿಸಿ. ವೇತನ ಎಂದರೆ ನಿಮ್ಮ ಒಟ್ಟು ಸಂಬಳವಲ್ಲ. ಮೂಲ ವೇತನ, ತುಟ್ಟಿಭತ್ಯೆ ಲೆಕ್ಕಕ್ಕೆ ಬರುತ್ತವೆ, ಮನೆ ಬಾಡಿಗೆ ಭತ್ಯೆ, ಓಟಿ ಇತ್ಯಾದಿ ಹೊರಗೆ. ಹೀಗೆ ಹೊರಗಿಟ್ಟದ್ದು ಒಟ್ಟಿನ ಅರ್ಧ ದಾಟುವಂತಿಲ್ಲ, ದಾಟಿದಷ್ಟು ಮತ್ತೆ ವೇತನಕ್ಕೇ ಸೇರುತ್ತದೆ. 24 ಸಾವಿರ ಒಟ್ಟು ಇರುವವರು 18,000ದ ಒಳಗೇ ಇರುವುದು ಸಾಧ್ಯ, ಸಂಬಳದ ಚೀಟಿ ನೋಡಿ. ಎರಡನೆಯದು, ಹುದ್ದೆಯ ಹೆಸರಿಗಿಂತ ದಿನವಿಡೀ ಮಾಡುವ ಮುಖ್ಯ ಕೆಲಸ ಯಾವುದು ಎಂದು ನ್ಯಾಯಾಲಯ ನೋಡುತ್ತದೆ. ಸ್ಪೆಕ್ಟ್ರೊ (ಲೋಹದಲ್ಲಿ ಏನೇನು ಎಷ್ಟಿದೆ ಎಂದು ತೋರಿಸುವ ಯಂತ್ರ) ಫಲಿತಾಂಶ ನೋಡಿ ಅಲಾಯ್ ಸೇರಿಸುವುದು, ತಾಪಮಾನ ಅಳೆಯುವುದು, ಲಾಗ್ ಬರೆಯುವುದು ತಾಂತ್ರಿಕ ಕೆಲಸ. ರಜೆ ಮಂಜೂರು ಮಾಡುವ, ಶಿಸ್ತುಕ್ರಮ ಕೈಗೊಳ್ಳುವ ಅಧಿಕಾರ ನಿಮಗಿಲ್ಲದಿದ್ದರೆ ಇಂಜಿನಿಯರ್ ಎಂಬ ಹೆಸರಿದ್ದರೂ ಕಾರ್ಮಿಕ ಎಂದು ವಾದಿಸಲು ಜಾಗವಿದೆ.

ಪ್ರೊಬೇಷನ್ ನಿಜಕ್ಕೂ ದುರ್ಬಲ ಜಾಗ, ಸುಳ್ಳು ಧೈರ್ಯ ಹೇಳುವುದಿಲ್ಲ. ಕಳಂಕ ಹಚ್ಚದ ಸಾದಾ ಪತ್ರ ಕೊಟ್ಟು ತೆಗೆದರೆ ಪ್ರಶ್ನಿಸುವುದು ಕಷ್ಟ. ಪತ್ರ ಸಾದಾ ಆಗಿದ್ದರೂ ಹಿಂದಿನ ನಿಜವಾದ ಕಾರಣ ಶಿಕ್ಷೆಯೇ ಎಂದು ತೋರಿಸಿದರೆ ನ್ಯಾಯಾಲಯ ಪರದೆ ಸರಿಸಿ ನೋಡುತ್ತದೆ. ತೋರಿಸಲು ಬೇಕಾಗುವುದು ದಿನಾಂಕಗಳ ಸರಣಿ: ಮೇಲ್ ಕಳಿಸಿದ್ದು ಯಾವಾಗ, ಮೊದಲ ಮೆಮೊ ಬಂದದ್ದು ಯಾವಾಗ. ಅಂದರೆ ಬಾಯಲ್ಲಿ ಮಾತ್ರ ಹೇಳಿದವರಿಗೆ ಅಪಾಯ ಹೆಚ್ಚು, ಬರೆದು ಹೇಳಿದವರಿಗೆ ಕಡಿಮೆ. ನಿಮ್ಮ ಜೊತೆಯವರು ಹೇಳುತ್ತಿರುವುದು ಇದಕ್ಕೆ ತಿರುಗುಮುರುಗು.

ಸುಮ್ಮನಿರುವುದಕ್ಕೂ ಬೆಲೆ ಇದೆ. ಫರ್ನೇಸ್ ಸಿಡಿದು ಯಾರಾದರೂ ಸತ್ತರೆ ಪೊಲೀಸರು ಮೊದಲು ಕೇಳುವುದು ಶಿಫ್ಟಿನಲ್ಲಿ ಯಾರಿದ್ದರು ಎಂದು. ಲಾಗಿನಲ್ಲಿ ಇರುವುದು ನಿಮ್ಮ ಸಹಿ. ನಿರ್ಲಕ್ಷ್ಯದಿಂದ ಸಾವು ಉಂಟುಮಾಡಿದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 106(1)ರಲ್ಲಿ 5 ವರ್ಷದವರೆಗೆ ಜೈಲು. ಸುರಕ್ಷತಾ ಸಂಹಿತೆಯ ಕರ್ತವ್ಯಲೋಪದಿಂದ ಸಾವಾದರೆ 2 ವರ್ಷದವರೆಗೆ ಜೈಲು ಅಥವಾ 5 ಲಕ್ಷಕ್ಕೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ. ಬೈಪಾಸ್ ಬಗ್ಗೆ ತಿಳಿದೂ ಬರೆಯದೆ ಇದ್ದ ಇಂಜಿನಿಯರ್ ಪರ ವಾದಿಸುವುದು, ಬರೆದು ಕೆಲಸ ಕಳೆದುಕೊಂಡವರ ಪರ ವಾದಿಸುವುದಕ್ಕಿಂತ ಬಹಳ ಕಷ್ಟ.

ಮೇಲ್ ಹೀಗಿದ್ದರೆ ಸಾಕು, ಇಂಗ್ಲಿಷಿನಲ್ಲಿ ಬರೆಯುವುದಾದರೂ ಇದೇ ಅಳತೆ:

"ಸರ್, ಇವತ್ತು ಮಧ್ಯಾಹ್ನ ಮಾತಾಡಿದಂತೆ, ಫರ್ನೇಸ್ 1ರ ಜಿಎಲ್‌ಡಿ ಟ್ರಿಪ್ ಈಗ ಬೈಪಾಸ್‌ನಲ್ಲಿದೆ. ಖಾಲಿ ಇರುವಾಗ ಮತ್ತು ತುಂಬಿರುವಾಗಿನ ಲೀಕೇಜ್ ರೀಡಿಂಗ್ ಇವತ್ತಿನ ಹೀಟ್ ಲಾಗಿನಲ್ಲಿವೆ. ಮಟ್ಟ ಏರಿದಂತೆ ರೀಡಿಂಗ್ ಏರುತ್ತಿದೆ. ಬೈಪಾಸ್ ತೆಗೆದು ಪ್ರೋಬ್ ಪರೀಕ್ಷೆ ಆಗುವವರೆಗೆ ಫರ್ನೇಸ್ ಓಡಿಸುವುದು ಅಪಾಯ ಎಂದು ನನ್ನ ಕರ್ತವ್ಯದ ಭಾಗವಾಗಿ ತಿಳಿಸುತ್ತಿದ್ದೇನೆ. ಮುಂದಿನ ಶಿಫ್ಟಿಗೆ ನಿಮ್ಮ ಸೂಚನೆ ತಿಳಿಸಿ."

ಇದರಲ್ಲಿ ಯಾರು ಬೈಪಾಸ್ ಮಾಡಿದರು ಎಂದಿಲ್ಲ, ಯಾಕೆ ಮಾಡಿದರು ಎಂಬ ಊಹೆ ಇಲ್ಲ, ಬೆದರಿಕೆಯೂ ಇಲ್ಲ. ಕೊನೆಯ ಸಾಲು ಮುಖ್ಯ. "ಓಡಿಸು" ಎಂದು ಬರಹದಲ್ಲಿ ಉತ್ತರ ಕೊಡಲು ಎಂಥ ಪ್ಲಾಂಟ್ ಹೆಡ್ ಆದರೂ ಎರಡು ಸಲ ಯೋಚಿಸುತ್ತಾರೆ. ರೀಡಿಂಗ್ ನಿಜವಾಗಿ ಹಾಗೆ ಬಂದರೆ ಮಾತ್ರ ಆ ಸಾಲು ಹಾಕಿ. ಒಂದು ತಪ್ಪು ಅಂಕಿ ಸಿಕ್ಕರೆ ಇಡೀ ಮೇಲ್ ಸುಳ್ಳು ಎಂದುಬಿಡುತ್ತಾರೆ.

ಮೆಲ್ಟಿಂಗ್ ಶಿಫ್ಟ್:

ತುಂಬಾ ಉಪಕಾರ. ಇನ್ನೂ ಎರಡು ಕೇಳ್ತೀನಿ. ವೈರ್ ಶಾರ್ಟ್ ಮಾಡಿದ್ದು ಎಲೆಕ್ಟ್ರಿಕಲ್‌ನ ಒಬ್ಬ ಕಾಂಟ್ರ್ಯಾಕ್ಟ್ ಹುಡುಗ, ಮೇಲಿನವರು ಹೇಳಿದ್ದಕ್ಕೇ ಮಾಡಿದ್ದು. ಅವನ ತಲೆಗೆ ಬರಬಾರದು. ಫರ್ನೇಸ್ ಮೇಲಿರೋ ಹುಡುಗರೆಲ್ಲ "ನಾವೂ ಸಹಿ ಹಾಕ್ತೀವಿ, ಬೇಕಾದರೆ ಒಂದಿನ ಎಲ್ಲ ರಜೆ ಹಾಕೋಣ" ಅಂತಿದ್ದಾರೆ. ಒಳ್ಳೇದಾ? ಮತ್ತೆ ಈ ಕೆಲಸ ಕೊಡಿಸಿದ್ದು ನಮ್ಮ ಚಿಕ್ಕಪ್ಪ, ಮಾಲೀಕರಿಗೆ ಪರಿಚಯ. ಅವರ ಮೂಲಕ ಹೇಳಿಸಿದರೆ?

ಬಿ ಪಾಳಿ ಉತ್ತರ:

ಒಂದಿನ ಎಲ್ಲ ರಜೆ ಹಾಕೋ ಮಾತು ಇವತ್ತೇ ಬಿಡಿಸಿ. ಹೊಸ ಸಂಹಿತೆಯಲ್ಲಿ ಒಂದು ಸಂಸ್ಥೆಯ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರು ಒಂದೇ ದಿನ ಮಾತಾಡ್ಕೊಂಡು ಕ್ಯಾಶುಯಲ್ ರಜೆ ಹಾಕಿದರೆ ಅದೂ ಮುಷ್ಕರವೇ. ಮುಷ್ಕರಕ್ಕೆ 14 ದಿನದ ನೋಟಿಸ್ ಬೇಕು. ನೋಟಿಸ್ ಇಲ್ಲದೆ ಮಾಡಿದರೆ ಅಕ್ರಮ ಮುಷ್ಕರ. ಸುರಕ್ಷತೆಯ ಪ್ರಶ್ನೆ ಎತ್ತಿದ್ದು ನೀವು, ತಪ್ಪಿತಸ್ಥರಾಗೋದು ನೀವೇ. ನಿಮ್ಮ ವಿಭಾಗದವರು ಮಾತ್ರ ಹಾಕಿದರೆ ಅರ್ಧ ಆಗಲ್ಲ ಅಂತ ಲೆಕ್ಕ ಹಾಕಬೇಡಿ, ಒಟ್ಟಾಗಿ ಕೆಲಸ ನಿಲ್ಲಿಸಿದ್ದನ್ನ ಮುಷ್ಕರ ಅನ್ನೋಕೆ ಆ ಅರ್ಧದ ಲೆಕ್ಕವೇ ಬೇಕಂತ ಇಲ್ಲ.

ಸಹಿ ಪತ್ರವೂ ಈ ಹಂತದಲ್ಲಿ ಬೇಡ. ಕಾಂಟ್ರ್ಯಾಕ್ಟ್ ಹುಡುಗರ ಸಹಿ ಅಂತೂ ಬೇಡವೇ ಬೇಡ. ಅವರನ್ನು ತೆಗೆಯೋಕೆ ಪತ್ರವೂ ಬೇಕಾಗಲ್ಲ, "ನಾಳೆಯಿಂದ ಇವರನ್ನು ಕಳಿಸಬೇಡಿ" ಅಂತ ಕಾಂಟ್ರ್ಯಾಕ್ಟರಿಗೆ ಒಂದು ಫೋನ್ ಸಾಕು. ಅವರು ಸಹಾಯ ಮಾಡೋದಾದರೆ ಬೇರೆ ದಾರಿ ಇದೆ. ನಿಯರ್ ಮಿಸ್ (ಸ್ವಲ್ಪದರಲ್ಲಿ ತಪ್ಪಿದ ಅಪಘಾತ) ರಿಜಿಸ್ಟರ್ ಇದ್ದರೆ ಚಾರ್ಜಿಂಗ್ ಹೊತ್ತಲ್ಲಿ ಚಟಪಟ ಸಿಡಿದದ್ದು, ಲೋಹ ಎಗರಿದ್ದು ಪ್ರತಿಯೊಂದನ್ನೂ ಅದರಲ್ಲಿ ಬರೆಸಿ. ಮಾಮೂಲಿ ದಾಖಲೆ ಅದು, ಯಾರ ಮೇಲೂ ಆರೋಪ ಅಲ್ಲ. ವಾರದಲ್ಲಿ ನಾಲ್ಕೈದು ಎಂಟ್ರಿ ಬಂದರೆ ಅದೇ ಮಾತಾಡತ್ತೆ.

ಎಲೆಕ್ಟ್ರಿಕಲ್ ಹುಡುಗನಿಗೆ ಒಂದು ಮಾತು ಹೇಳಿ. ಇನ್ನು ಮುಂದೆ ಇಂಥದ್ದು ಮಾಡಿಸಿದರೆ ಮೇಂಟೆನೆನ್ಸ್ ಜಾಬ್ ಕಾರ್ಡ್ ಬರೆಸಿಕೊಂಡೇ ಮಾಡಲಿ, "ಯಾರ ಸೂಚನೆ" ಅನ್ನೋ ಜಾಗ ತುಂಬಿಸಿ. ನಿಮ್ಮ ಮೇಲ್‌ನಲ್ಲಿ "ಬೈಪಾಸ್‌ನಲ್ಲಿದೆ" ಅಂತಿದ್ದರೆ ಸಾಕು. ಯಾರು ಮಾಡಿದ್ದು ಅಂತ ಅವರೇ ಕೇಳಿದರೆ "ನನ್ನ ಶಿಫ್ಟ್ ಶುರುವಾದಾಗ ಹಾಗೇ ಇತ್ತು" ಅಂತ ಇದ್ದದ್ದು ಹೇಳಿ. ಅದು ನಿಜ ಆಗಿದ್ದರೆ ಮಾತ್ರ.

ಚಿಕ್ಕಪ್ಪನ ದಾರಿ ನನಗಂತೂ ಇಷ್ಟ ಇಲ್ಲ. ನಮ್ಮೂರ ಕಡೆ ಕೆಲಸ ಸಿಗೋದೇ ಹಾಗೆ, ಅದರಲ್ಲಿ ತಪ್ಪಿಲ್ಲ. ಆದರೆ ಮದುವೆ ಮನೆಯಲ್ಲಿ ಮಾಲೀಕರು ಸಿಕ್ಕಾಗ ಅವರು "ನಮ್ಮ ಹುಡುಗ ಹೇಳ್ತಿದ್ದ, ನಿಮ್ಮ ಫರ್ನೇಸಲ್ಲಿ ಏನೋ ತೊಂದರೆಯಂತೆ" ಅಂದರೆ ನೀವು ಫ್ಯಾಕ್ಟರಿ ವಿಷಯ ಊರಲ್ಲೆಲ್ಲ ಹರಡ್ತೀರಿ ಅಂತಾಗತ್ತೆ. ರೀಡಿಂಗ್, ಅಳತೆ ಯಾವುದೂ ಆ ಮಾತಲ್ಲಿ ಇರಲ್ಲ. ದಾಖಲೆಯೂ ಉಳಿಯಲ್ಲ. ಚಿಕ್ಕಪ್ಪನಿಗೆ ಮುಂಚೆಯೇ "ಇಂಥ ಮೇಲ್ ಕಳಿಸ್ತಿದ್ದೀನಿ" ಅಂತ ತಿಳಿಸಿಡಿ, ನಾಳೆ ಮಾಲೀಕರು ಅವರಿಗೆ ಫೋನ್ ಮಾಡಿದರೆ ಗೊತ್ತಿಲ್ಲದೆ ಮುಜುಗರ ಪಡೋದು ಬೇಡ. ಅಷ್ಟು ಸಾಕು.

ನೋಟಿಸ್ ಬೋರ್ಡ್ ಉತ್ತರ:

ಚಿಕ್ಕಪ್ಪನ ವಿಷಯದಲ್ಲಿ ನನ್ನದು ಬೇರೆ ಅಭಿಪ್ರಾಯ. ಮಾಲೀಕರು ದಿನಾ ಪ್ಲಾಂಟಿಗೆ ಬರದ ಕಡೆ, ಪ್ಲಾಂಟ್ ಹೆಡ್ ಸುದ್ದಿಯೇ ಮೇಲೆ ಹೋಗದ ಹಾಗೆ ಮಾಡ್ತಿದ್ದರೆ, ಪರಿಚಯದವರ ಮೂಲಕ "ಹತ್ತು ನಿಮಿಷ ಸಮಯ ಕೊಡಿ" ಅಂತ ಕೇಳಿಸೋದು ತಪ್ಪಲ್ಲ. ವಿಷಯ ಅವರ ಬಾಯಲ್ಲಿ ಬರಬಾರದು, ಸಮಯ ಮಾತ್ರ ಕೇಳಬೇಕು. ಹೋಗುವಾಗ ಮೇಲ್‌ನ ಪ್ರಿಂಟ್ ಹಿಡ್ಕೊಂಡು ಹೋಗಿ.

ಇನ್ನೊಂದು. ಕರೆದು ಕೂರಿಸಿ "ನೀನೇ ರಾಜೀನಾಮೆ ಬರೆದುಕೊಡು, ಒಳ್ಳೆ ರಿಲೀವಿಂಗ್ ಲೆಟರ್ ಕೊಡ್ತೀವಿ" ಅನ್ನೋದು ಮಾಮೂಲು. ಅಲ್ಲೇ ಬರೀಬೇಡಿ, "ಮನೇಲಿ ಮಾತಾಡಿ ನಾಳೆ ಹೇಳ್ತೀನಿ ಸರ್" ಅಂತ ಎದ್ದು ಬನ್ನಿ. ಗೇಟಿನಲ್ಲಿ ತಡೆದು ಬರೆಸಿಕೊಂಡರೆ ಅವತ್ತೇ ಮೇಲ್ ಹಾಕಿ, ಒತ್ತಾಯದಿಂದ ಬರೆಸಿಕೊಂಡದ್ದು, ಹಿಂತೆಗೆದುಕೊಳ್ಳುತ್ತೇನೆ ಅಂತ. ಕಾಗದದ ಪ್ರತಿ ಅಂಚೆಯಲ್ಲೂ ಹೋಗಲಿ. ರಿಜಿಸ್ಟರ್ ಪೋಸ್ಟ್ ಈಗ ಸ್ಪೀಡ್ ಪೋಸ್ಟಿಗೇ ಸೇರಿದೆ, ಕೌಂಟರಿನಲ್ಲಿ ನೋಂದಣಿ ಸೇವೆ ಸೇರಿಸಿ ಅಂತ ಕೇಳಬೇಕು. ವಾರ ಬಿಟ್ಟು ಹೇಳಿದರೆ ಒತ್ತಾಯ ಅನ್ನೋದನ್ನ ಯಾರೂ ನಂಬಲ್ಲ.

ಮೆಲ್ಟಿಂಗ್ ಶಿಫ್ಟ್:

ಕೊನೇದು. ಮೇಲ್‌ಗೆ ಉತ್ತರ ಬರದಿದ್ದರೆ ಎಷ್ಟು ದಿನ ಕಾಯಬೇಕು? ಇಲಾಖೆಗೆ ಹೋದರೆ ನನ್ನ ಹೆಸರು ಹೊರಗೆ ಬರತ್ತಾ?

ವಕಾಲತ್ತು ಉತ್ತರ:

ಬೈಪಾಸ್‌ಗೆ ದಿನಗಳ ಲೆಕ್ಕವಿಲ್ಲ. ಮುಂದಿನ ಹೀಟ್ ಶುರುವಾಗುವುದರೊಳಗೆ ಉತ್ತರ ಬರದಿದ್ದರೆ ಪ್ಲಾಂಟ್ ಹೆಡ್‌ಗೆ ಫೋನ್ ಮಾಡಿ, ಅವರು ಹೇಳಿದ್ದನ್ನು ಲಾಗಿನಲ್ಲಿ ಸಮಯ ಸಹಿತ ಬರೆಯಿರಿ. ಆಗಲೂ ಆಗದಿದ್ದರೆ ಮಾಲೀಕರಿಗೆ ಮತ್ತು ಇನ್‌ಸ್ಪೆಕ್ಟರಿಗೆ ಅದೇ ದಿನ ತಿಳಿಸಲು 14ನೇ ಸೆಕ್ಷನ್ ಇದೆ. ಲೈನಿಂಗ್ ಅಳತೆ ಮೂರನೇ ಒಂದು ಭಾಗ ದಾಟಿಲ್ಲದಿದ್ದರೆ ಅದಕ್ಕೂ ಸ್ಕ್ರ್ಯಾಪ್ ಯಾರ್ಡಿಗೂ ಒಂದು ವಾರ ಕೊಡಬಹುದು.

ಹೋಗಬೇಕಾದ್ದು ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಗೆ. ಕಾರ್ಮಿಕ ಇಲಾಖೆ ಬೇರೆ. ಸಂಬಳ, ವಜಾ ಇತ್ಯಾದಿ ಅಲ್ಲಿಗೆ. ದೂರು ಕೊಟ್ಟವರು ಯಾರು ಎಂಬುದನ್ನು ಇನ್‌ಸ್ಪೆಕ್ಟರ್ ಗುಟ್ಟಾಗಿಡಬೇಕು, ತಪಾಸಣೆಗೆ ಬಂದಾಗ ದೂರಿನ ಮೇಲೆ ಬಂದೆ ಎಂದೂ ಹೇಳಬಾರದು ಎಂಬ ನಿಯಮ 1948ರ ಕಾರ್ಖಾನೆ ಕಾಯ್ದೆಯ 118ಎಯಿಂದಲೇ ಬಂದದ್ದು. ಕಾಗದದ ಮೇಲೆ ಹೆಸರು ಹೊರಗೆ ಬರುವುದಿಲ್ಲ. ಆದರೆ ಬೈಪಾಸ್ ವಿಷಯ ಗೊತ್ತಿರುವವರೇ ನಾಲ್ಕು ಜನ ಇರುವಾಗ ಊಹಿಸುವುದು ಕಷ್ಟವಲ್ಲ. ಹಾಗಾಗಿ ಹೆಸರಿಲ್ಲದ ಅರ್ಜಿಯನ್ನು ನಂಬಿ ಒಳಗೆ ಏನೂ ಬರೆಯದೆ ಇರಬೇಡಿ. ಗುಮಾನಿ ನಿಮ್ಮ ಮೇಲೇ ಬರುತ್ತದೆ, ರಕ್ಷಣೆಗೆ ಬೇಕಾದ ಕಾಗದ ಮಾತ್ರ ಇರುವುದಿಲ್ಲ.

ತೆಗೆದೇಬಿಟ್ಟರೆ: ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು, ಇದು ವೇತನ ಸಂಹಿತೆಯ ನಿಯಮ. ನೀವು ಕಾರ್ಮಿಕ ವ್ಯಾಖ್ಯೆಯೊಳಗೆ ಬಂದರೆ ಸಂಧಾನಾಧಿಕಾರಿಗೆ ಅರ್ಜಿ ಹಾಕಿ. 45 ದಿನವಾದರೂ ಇತ್ಯರ್ಥ ಆಗದಿದ್ದರೆ ನೀವೇ ನೇರವಾಗಿ ನ್ಯಾಯಮಂಡಳಿಗೆ ಹೋಗಬಹುದು. ತೆಗೆದ ದಿನದಿಂದ 2 ವರ್ಷದೊಳಗೆ ಹೋಗಬೇಕು. ತೆಗೆಯದೆ ಬರೀ ಶಿಫ್ಟ್, ಓಟಿ ವಿಷಯದಲ್ಲಿ ಕಾಡಿದರೆ 20 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ಸಮಿತಿ ಇರಲೇಬೇಕು, ಅರ್ಜಿ ಕೊಟ್ಟ 30 ದಿನದೊಳಗೆ ಅದು ತೀರ್ಮಾನಿಸಬೇಕು. ವಕೀಲರ ಖರ್ಚಿನ ಚಿಂತೆ ಬೇಡ. ಔದ್ಯೋಗಿಕ ಕಾರ್ಮಿಕರಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100.

ನೇಮಕಾತಿ ಪತ್ರ, ಸಂಬಳದ ಚೀಟಿಗಳು, ಪಿಎಫ್ ಪಾಸ್‌ಬುಕ್ ಇವು ನಿಮ್ಮವೇ ದಾಖಲೆ, ಮನೆಯಲ್ಲಿ ಇಟ್ಟುಕೊಳ್ಳಲು ಯಾರ ಅಡ್ಡಿಯೂ ಇಲ್ಲ. ಕಂಪನಿ ಪೋರ್ಟಲ್ ಲಾಗಿನ್ ತೆಗೆದ ದಿನವೇ ಬಂದ್ ಆಗುತ್ತದೆ. ಮೇಲ್ ಕಳಿಸುವ ಮುಂಚೆಯೇ ಡೌನ್‌ಲೋಡ್ ಮಾಡಿಕೊಳ್ಳಿ.

ಕುಲುಮೆ ಉತ್ತರ:

ಇವತ್ತು ರಾತ್ರಿ ಶಿಫ್ಟಿಗೆ ಹೋಗೋದಾದರೆ ಬೈಪಾಸ್ ತೆಗೆಸೋವರೆಗೆ ಫರ್ನೇಸ್ ಮುಂದಿನ ಪಿಟ್ ನೋಡಿ. ನೀರು ನಿಂತಿರಬಾರದು, ಒಣಗಿರಬೇಕು, ಪೂರ್ತಿ ಫರ್ನೇಸ್ ಲೋಹ ಹಿಡಿಯೋಷ್ಟು ಖಾಲಿ ಇರಬೇಕು. ರನ್‌ಔಟ್ ಆದರೆ, ಅಂದ್ರೆ ಲೈನಿಂಗ್ ತೂತಾಗಿ ಲೋಹ ಹೊರಬಂದರೆ, ಅದು ಇಳಿಯೋದು ಅಲ್ಲಿಗೇ. ಮಳೆ ನೀರು ಬಂದು ನಿಂತಿದ್ದರೆ ಪಂಪ್ ಹಾಕಿಸಿ, ನೆಲ ಒಣಗೋವರೆಗೆ ಹೀಟ್ ಹಾಕಬೇಡಿ. ಪಿಟ್ ಸ್ಥಿತಿಯನ್ನೂ ಲಾಗಿನಲ್ಲಿ ಒಂದು ಸಾಲು ಬರೀರಿ.